82 ಹಳೆಯ ಕಂಪ್ಯೂಟರ್‌ಗಳನ್ನು ಏನು ಮಾಡಬೇಕು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದು ಫೌಂಡ್ರಿ ಮತ್ತು ಮಷಿನ್ ಶಾಪ್. ಒಟ್ಟು 140 ಕಂಪ್ಯೂಟರ್‌ಗಳಿವೆ, ಎಲ್ಲದರಲ್ಲೂ ವಿಂಡೋಸ್ 10. ಅದರ ಬೆಂಬಲ ನಿಂತ ಮೇಲೆ ಪರೀಕ್ಷಿಸಿದಾಗ 58 ಯಂತ್ರಗಳು ಮಾತ್ರ ವಿಂಡೋಸ್ 11ಕ್ಕೆ ಯೋಗ್ಯವೆಂದು ತಿಳಿಯಿತು. ಉಳಿದ 82ನ್ನೂ ಬದಲಿಸಿ ಎಂದು ಸರಬರಾಜುದಾರರು ಒಂದಕ್ಕೆ ₹58,000ರಂತೆ ದರಪಟ್ಟಿ ಕೊಟ್ಟಿದ್ದಾರೆ. ನಮ್ಮ ಐಟಿ ನೋಡಿಕೊಳ್ಳುವವರು ಎಲ್ಲವನ್ನೂ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್‌ಗೆ ಬದಲಿಸೋಣ, ಪೈಸೆ ಖರ್ಚಿಲ್ಲ ಎನ್ನುತ್ತಾರೆ. ಮಾಲೀಕರ ಮನೆಯ ಕಿರಿಯರು ಮ್ಯಾಕ್ ತರಿಸಿದರೆ ಹತ್ತು ವರ್ಷ ತಲೆನೋವಿಲ್ಲ ಎನ್ನುತ್ತಾರೆ. ನಾನು ಲೆಕ್ಕಪತ್ರ ಮತ್ತು ಆಡಳಿತ ನೋಡಿಕೊಳ್ಳುವವನು. ತೀರ್ಮಾನದ ಹೊಣೆ ನನ್ನ ಮೇಲೆ ಬಿದ್ದಿದೆ. ಯಾವ ಮೇಜಿನಲ್ಲಿ ಏನು ಕೆಲಸ ಎಂಬ ಪಟ್ಟಿ ಲಗತ್ತಿಸಿದ್ದೇನೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಯಾವ ಮೇಜು, ಯಾವ ಯಂತ್ರ, ಅದರಲ್ಲಿ ಯಾವ ತಂತ್ರಾಂಶ ಎಂದು ಸಾಲು ಸಾಲಾಗಿ ಬರೆದಿದ್ದೀರಿ. ಇಂಥ ಪಟ್ಟಿ ಕೈಯಲ್ಲಿಲ್ಲದೆ ಲಕ್ಷಗಟ್ಟಲೆ ಖರೀದಿಗೆ ಸಹಿ ಹಾಕಿದ ಕಂಪನಿಗಳನ್ನು ನಾನು ಬಹಳ ಕಂಡಿದ್ದೇನೆ, ಆದ್ದರಿಂದ ಮೊದಲು ನಿಮಗೆ ಅಭಿನಂದನೆ. ನಿಮಗೆ ಸಲಹೆ ಕೊಟ್ಟ ಮೂವರೂ ತಮ್ಮ ತಮ್ಮ ಮಟ್ಟಿಗೆ ಪ್ರಾಮಾಣಿಕರೇ ಇರಬಹುದು. ಆದರೆ ಮೂವರೂ ಒಂದೇ ತಪ್ಪು ಮಾಡುತ್ತಿದ್ದಾರೆ: 140 ಯಂತ್ರಗಳಿಗೂ ಒಂದೇ ಉತ್ತರ ಹುಡುಕುತ್ತಿದ್ದಾರೆ. ಒಂದು ಮೇಜಿನ ಆಪರೇಟಿಂಗ್ ಸಿಸ್ಟಂ (ವಿಂಡೋಸ್, ಲಿನಕ್ಸ್‌ನಂತೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ) ಯಾವುದಿರಬೇಕು ಎಂಬುದನ್ನು ಆ ಮೇಜಿನಲ್ಲಿ ಬಿಟ್ಟುಕೊಡಲಾಗದ ತಂತ್ರಾಂಶ ಯಾವುದಿದೆಯೋ ಅದೇ ತೀರ್ಮಾನಿಸುತ್ತದೆ. ಅಂಥದ್ದು ಏನೂ ಇಲ್ಲದ ಮೇಜಿನಲ್ಲಷ್ಟೇ ನಮಗೆ ಆಯ್ಕೆಯ ಸ್ವಾತಂತ್ರ್ಯ. ನಿಮ್ಮ ಕಾರ್ಖಾನೆಯಲ್ಲಿ ಅಂಥ ಮೇಜುಗಳು ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚಿವೆ.

ಮೊದಲು ಗಡುವಿನ ವಿಷಯ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಉಚಿತವಾಗಿ ಬರುತ್ತಿದ್ದ ಭದ್ರತಾ ಅಪ್‌ಡೇಟ್‌ಗಳು ನಿಂತವು. ಅದೇ ದಿನ ಆಫೀಸ್ 2016 ಮತ್ತು ಆಫೀಸ್ 2019ರ ಬೆಂಬಲವೂ ಮುಗಿಯಿತು. ನಿಮ್ಮ ಪಟ್ಟಿಯಲ್ಲಿ ಆಫೀಸ್ 2016 ಇರುವ 31 ಯಂತ್ರಗಳಿವೆ. ಇದನ್ನು ಯಾರೂ ನಿಮ್ಮ ಗಮನಕ್ಕೆ ತಂದಂತಿಲ್ಲ. ಬೆಂಬಲ ನಿಂತ ಮರುದಿನವೂ ಯಂತ್ರ ಎಂದಿನಂತೆ ಓಡುತ್ತದೆ. ಏನೂ ಆಗಲಿಲ್ಲವಲ್ಲ ಎಂದು ತಿಂಗಳುಗಳು ಉರುಳುತ್ತವೆ, ಅಪಾಯ ಇರುವುದು ಆ ನೆಮ್ಮದಿಯಲ್ಲೇ. 2017ರ ಮೇ 12ರಂದು ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ಆಸ್ಪತ್ರೆ, ಕಾರ್ಖಾನೆ, ಕಚೇರಿಗಳನ್ನು ಒಂದೇ ದಿನದಲ್ಲಿ ಸ್ತಬ್ಧಗೊಳಿಸಿತು. ಅದು ಬಳಸಿಕೊಂಡ ದೋಷಕ್ಕೆ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಎರಡು ತಿಂಗಳು ಅದನ್ನು ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಒಂದು ಯಂತ್ರಕ್ಕೆ ಹೊಕ್ಕರೆ ಸಾಕು, ಅದೇ ಜಾಲದಲ್ಲಿರುವ ಮಿಕ್ಕ ಯಂತ್ರಗಳಿಗೆ ಅದು ತಾನಾಗಿ ಹಬ್ಬುತ್ತಿತ್ತು. ಹೀಗಾಗಿ ಸ್ಟೋರ್ಸ್‌ನ ಮೂಲೆಯಲ್ಲಿ ಮರೆತುಹೋದ ಒಂದು ಯಂತ್ರ ನಿಮ್ಮ ಲೆಕ್ಕಪತ್ರ ವಿಭಾಗವನ್ನೇ ಮಲಗಿಸಬಲ್ಲದು.

ಹಣ ಕಟ್ಟಿ ಹಳೆಯದನ್ನೇ ಮುಂದುವರಿಸುವ ದಾರಿಯೂ ಇದೆ. ಕಂಪನಿಗಳಿಗೆ ಮೈಕ್ರೋಸಾಫ್ಟ್ ಮೂರು ವರ್ಷಗಳ ಕಾಲ ವಿಸ್ತರಿತ ಭದ್ರತಾ ಅಪ್‌ಡೇಟ್‌ಗಳನ್ನು ಮಾರುತ್ತದೆ. ಪ್ರತಿ ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಎರಡನೆಯ ವರ್ಷ 122, ಮೂರನೆಯ ವರ್ಷ 244. ಎರಡನೆಯ ವರ್ಷದಿಂದ ಸೇರುತ್ತೇನೆ ಎಂದರೆ ಮೊದಲ ವರ್ಷದ ಬಾಕಿಯನ್ನೂ ಕಟ್ಟಬೇಕು. ಡಾಲರಿಗೆ ₹88 ಎಂದು ಹಿಡಿದರೆ ಮೂರು ವರ್ಷಕ್ಕೆ ಒಂದು ಯಂತ್ರಕ್ಕೆ ₹37,576. ಅಂದರೆ ಎಂಟು ವರ್ಷದ ಹಳೆಯ ಪೆಟ್ಟಿಗೆಯನ್ನು ಉಳಿಸಿಕೊಳ್ಳಲು ಹೊಸದರ ಬೆಲೆಯ ಮೂರರಲ್ಲಿ ಎರಡು ಪಾಲು ತೆರುತ್ತೀರಿ, ಕೊನೆಯಲ್ಲಿ ಕೈಯಲ್ಲಿ ಉಳಿಯುವುದು ಹನ್ನೊಂದು ವರ್ಷದ ಪೆಟ್ಟಿಗೆ. ಮೊದಲ ವರ್ಷದ ₹5,368 ಮಾತ್ರ ಅರ್ಥವುಳ್ಳ ಖರ್ಚು. ಬದಲಾವಣೆ ತಡವಾಗುವ ಹತ್ತಾರು ಯಂತ್ರಗಳಿಗೆ ಸಮಯ ಕೊಳ್ಳಲು ಅದನ್ನು ಬಳಸಿ, ಎಲ್ಲ 82ಕ್ಕೂ ಬೇಡ.

ನಿಮ್ಮ 82 ಯಂತ್ರಗಳು ಇಂಟೆಲ್‌ನ 6 ಮತ್ತು 7ನೇ ತಲೆಮಾರಿನವು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್. ಹಾಗಾಗಿ ನಿಮ್ಮ ಪರೀಕ್ಷೆಯ ಫಲಿತಾಂಶ ಸರಿಯಾಗಿಯೇ ಇದೆ. ಬೇರೆ ಓದುಗರಿಗಾಗಿ ಒಂದು ಮಾತು: ಪ್ರೊಸೆಸರ್ ಹೊಸದಾಗಿದ್ದೂ ಯಂತ್ರ ಅನುತ್ತೀರ್ಣವಾದರೆ ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ಟಿಪಿಎಂ ಆಫ್ ಆಗಿರಬಹುದು. ಅದನ್ನು ಆನ್ ಮಾಡಿದರೆ ಹೊಸ ಯಂತ್ರದ ಖರ್ಚೇ ಉಳಿಯುತ್ತದೆ. ತಪಾಸಣೆಯನ್ನು ತಪ್ಪಿಸಿ ಹಳೆಯ ಯಂತ್ರಕ್ಕೆ ವಿಂಡೋಸ್ 11 ತುರುಕುವ ಉಪಾಯಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಮನೆಯಲ್ಲಿ ಪ್ರಯೋಗಕ್ಕೆ ಸರಿ, ಸಂಬಳದ ಪಟ್ಟಿ ಇರುವ ಯಂತ್ರಕ್ಕೆ ಬೇಡ.

ಈಗ ಮೇಜುಗಳಿಗೆ ಬರೋಣ. ನಿಮ್ಮ ಪಟ್ಟಿಯ 82ರಲ್ಲಿ 6 ಯಂತ್ರಗಳು ಉಪಕರಣಗಳಿಗೆ ಅಂಟಿಕೊಂಡಿವೆ: ಕರಗಿಸಿದ ಲೋಹದ ಮಿಶ್ರಣ ಪರೀಕ್ಷಿಸುವ ಸ್ಪೆಕ್ಟ್ರೋಮೀಟರ್‌ಗೆ ಒಂದು, ಬಿಡಿಭಾಗಗಳ ಅಳತೆ ತೆಗೆಯುವ ಯಂತ್ರಕ್ಕೆ ಒಂದು, ಪ್ರೋಗ್ರಾಂ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರಗಳಿಗೆ ಆ ಪ್ರೋಗ್ರಾಂ ಕಳುಹಿಸಲು ನಾಲ್ಕು. ಇವುಗಳ ತಂತ್ರಾಂಶವನ್ನು ಉಪಕರಣ ತಯಾರಿಸಿದವರೇ ಕೊಟ್ಟಿರುತ್ತಾರೆ, ಅದು ಆ ಕಾಲದ ವಿಂಡೋಸ್ ಮೇಲಷ್ಟೇ ಓಡುತ್ತದೆ. ಇವನ್ನು ಮುಟ್ಟಬೇಡಿ. ಅಂತರ್ಜಾಲದಿಂದಲೂ ಕಚೇರಿಯ ಮುಖ್ಯ ಜಾಲದಿಂದಲೂ ಬಿಡಿಸಿ, ಬೇರೆಯೇ ಒಂದು ಸ್ವಿಚ್‌ಗೆ ಹಾಕಿಸಿ. ಪೆನ್‌ಡ್ರೈವ್ ಹಾಕುವ ಮುಂಚೆ ಅದನ್ನು ಬೇರೊಂದು ಯಂತ್ರದಲ್ಲಿ ತಪಾಸಣೆ ಮಾಡುವ ರೂಢಿ ಬರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಆರೂ ಯಂತ್ರಗಳ ಡಿಸ್ಕ್‌ನ ಪೂರ್ತಿ ಪ್ರತಿ ತೆಗೆದು, ಅದೇ ಮಾದರಿಯ ಒಂದೆರಡು ಹಳೆಯ ಯಂತ್ರಗಳನ್ನು ಬದಲಿಗಾಗಿ ಎತ್ತಿಡಿ. ಸ್ಪೆಕ್ಟ್ರೋಮೀಟರ್‌ನ ಕಂಪ್ಯೂಟರ್ ಕೆಟ್ಟು ಹೀಟ್‌ನ (ಒಂದು ಸಲ ಕರಗಿಸಿದ ಲೋಹದ) ವರದಿ ಬಾರದೆ ಕುಲುಮೆಯನ್ನು ಸುಮ್ಮನೆ ಕಾಯಿಸುತ್ತ ಕೂತರೆ ಗಂಟೆಗೆ ಎಷ್ಟು ವಿದ್ಯುತ್ ಹೋಗುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಸಕ್ಕರೆ ಕಾರ್ಖಾನೆಯ ಕಚೇರಿಯನ್ನು ಲಿನಕ್ಸ್‌ಗೆ ಬದಲಿಸುವ ಕೆಲಸಕ್ಕೆ ಸಲಹೆಗಾರನಾಗಿದ್ದೆ. ವಿಭಾಗದ ಮುಖ್ಯಸ್ಥರನ್ನು ಒಂದು ಕೋಣೆಯಲ್ಲಿ ಕೂರಿಸಿಕೊಂಡು ಪಟ್ಟಿ ಮಾಡಿದೆವು. ಶನಿವಾರ, ಭಾನುವಾರ ಯಂತ್ರಗಳನ್ನು ಬದಲಿಸಿದೆವು. ಸೋಮವಾರ ಬೆಳಿಗ್ಗೆ ಆರಕ್ಕೆ ಫೋನ್ ಬಂತು. ವಾಹನ ತೂಗುವ ವೇಬ್ರಿಡ್ಜ್‌ನ ಪರದೆಯಲ್ಲಿ ತೂಕ ಬರುತ್ತಿಲ್ಲ. ನಮ್ಮ ಪಟ್ಟಿಯಲ್ಲಿ ಆ ಯಂತ್ರದ ಮುಂದೆ ‘ಗೇಟ್ ಕಚೇರಿ, ಟೈಪಿಂಗ್’ ಎಂದಷ್ಟೇ ಇತ್ತು. ಅದರ ಹಿಂಬದಿಯಿಂದ ಒಂದು ಹಳೆಯ ಸೀರಿಯಲ್ ಕೇಬಲ್ ಗೋಡೆಯ ತೂತಿನೊಳಗೆ ಹೋಗಿ ತೂಕದ ಯಂತ್ರ ಸೇರುತ್ತದೆ ಎಂಬುದನ್ನು ನಾವ್ಯಾರೂ ಬಗ್ಗಿ ನೋಡಿರಲಿಲ್ಲ. ನಾನು ಹೋಗಿ ಸೇರುವಷ್ಟರಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳ ಸಾಲು ಮುಖ್ಯ ರಸ್ತೆಗೆ ಬಂದಿತ್ತು. ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ತೂಕ ಕಳೆದುಕೊಳ್ಳುತ್ತದೆ, ಆ ನಷ್ಟ ರೈತರದು. ವೇಬ್ರಿಡ್ಜ್‌ನ ಹಿರಿಯರೊಬ್ಬರು ಅಳತೆಯ ಡಬ್ಬಿಯ ಮೇಲೆ ಕಾಣುವ ಅಂಕಿಗಳನ್ನು ಕೈಯಿಂದ ಚೀಟಿಗೆ ಬರೆದುಕೊಡುತ್ತ ಮಧ್ಯಾಹ್ನದವರೆಗೆ ಕೂತರು. ಅಂದಿನಿಂದ ನಾನು ಮೇಜಿನ ಹಿಂದೆ ಬಗ್ಗಿ ಕೇಬಲ್‌ಗಳನ್ನು ನೋಡದೆ ಯಾವ ಪಟ್ಟಿಗೂ ಸಹಿ ಹಾಕಿಲ್ಲ.

ನಿಮ್ಮ ಪಟ್ಟಿಯಲ್ಲೂ ‘ಗೇಟ್, 2 ಯಂತ್ರ, ಟೈಪಿಂಗ್’ ಎಂಬ ಸಾಲು ಇದೆ. ಸ್ಕ್ರ್ಯಾಪ್ ತರುವ ಲಾರಿಗಳನ್ನು ನೀವು ಎಲ್ಲಿ ತೂಗುತ್ತೀರಿ? ದಯವಿಟ್ಟು ಎರಡು ದಿನ ಬಿಡುವು ಮಾಡಿಕೊಂಡು, ಪಟ್ಟಿ ಕೈಯಲ್ಲಿ ಹಿಡಿದು, ಪ್ರತಿ ಮೇಜಿಗೂ ಹೋಗಿ. ಮುಖ್ಯಸ್ಥರನ್ನು ಕೇಳಬೇಡಿ, ಆ ಕುರ್ಚಿಯಲ್ಲಿ ಕೂರುವವರನ್ನು ಕೇಳಿ. ‘ಬೆಳಿಗ್ಗೆ ಬಂದಾಗಿನಿಂದ ಏನೇನು ತೆರೆಯುತ್ತೀರಿ, ತೋರಿಸಿ’ ಎನ್ನಿ. ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಮಾತ್ರ ತೆರೆಯುವುದು ಏನಾದರೂ ಇದೆಯೇ ಎಂದೂ ಕೇಳಿ. ಹೆಚ್ಚಾಗಿ ಎಡವುವುದು ಅಲ್ಲೇ.

ಮುಂದಿನದು ಲೆಕ್ಕಪತ್ರ ಮತ್ತು ಸ್ಟೋರ್ಸ್‌ನ 17 ಹಳೆಯ ಯಂತ್ರಗಳು. ಅಲ್ಲಿ ಲೆಕ್ಕ ಬರೆಯುವ ಟ್ಯಾಲಿ ಇದೆ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದೆ, ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡುವ ಸಣ್ಣ ಪ್ರೋಗ್ರಾಂ) ತುಂಬಿದ ಎಕ್ಸೆಲ್ ಕಡತಗಳಿವೆ. ಟ್ಯಾಲಿ ವಿಂಡೋಸ್‌ಗೆಂದೇ ಬರೆದ ತಂತ್ರಾಂಶ. ಅದನ್ನು ಲಿನಕ್ಸ್ ಮೇಲೆ ಹೇಗೋ ಓಡಿಸುವ ದಾರಿಗಳಿವೆ, ಆದರೆ ಕೆಟ್ಟಾಗ ಕೇಳಲು ಯಾರೂ ಇರುವುದಿಲ್ಲ. ಟೋಕನ್‌ನ ಚಾಲಕ ತಂತ್ರಾಂಶಗಳು ಲಿನಕ್ಸ್‌ಗೂ ಬರುತ್ತವೆ, ಆದರೆ ಸರ್ಕಾರಿ ಜಾಲತಾಣಗಳು ಕೇಳುವ ಸಹಿಯ ತಂತ್ರಾಂಶ, ಬ್ರೌಸರ್, ಟೋಕನ್ ಮೂರೂ ಒಂದಕ್ಕೊಂದು ಹೊಂದಬೇಕು. ತಿಂಗಳ 20ನೇ ತಾರೀಖು ಜಿಎಸ್‌ಟಿಯ ಮಾಸಿಕ ವಿವರಪಟ್ಟಿ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೂತವರ ಮುಂದೆ ಟೋಕನ್ ಕಾಣಿಸುತ್ತಿಲ್ಲ ಎಂಬ ಸಂದೇಶ ಬಂದರೆ ಅಲ್ಲಿಯವರೆಗೆ ಉಳಿಸಿದ ಹಣಕ್ಕೆಲ್ಲ ಬೆಲೆ ಇರುವುದಿಲ್ಲ. ಈ ಮೇಜುಗಳಿಗೆ ವಿಂಡೋಸ್ 11 ಬೇಕು, ಚರ್ಚೆ ಬೇಡ.

ಆದರೆ ಅದಕ್ಕೆ 17 ಹೊಸ ಯಂತ್ರ ಬೇಕಿಲ್ಲ. ನಿಮ್ಮ ಪಟ್ಟಿಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಇದೇ: ವಿಂಡೋಸ್ 11ಕ್ಕೆ ಯೋಗ್ಯವಾದ 58 ಯಂತ್ರಗಳಲ್ಲಿ 23, ಮೇಲ್ ಮತ್ತು ಬ್ರೌಸರ್ ಬಿಟ್ಟು ಬೇರೇನೂ ತೆರೆಯದ ಜಾಗಗಳಲ್ಲಿವೆ. ಅವುಗಳಲ್ಲಿ 15 ತರಬೇತಿ ಕೊಠಡಿ ಮತ್ತು ಸಭಾ ಕೊಠಡಿಗಳಲ್ಲಿ ಕೂತಿವೆ, ದಿನದ ಬಹುಪಾಲು ಆಫ್ ಆಗಿಯೇ. ಎಲ್ಲ ಕಂಪನಿಗಳಲ್ಲೂ ಹೀಗೇ ಆಗುತ್ತದೆ. ಹೊಸದು ಬಂದಾಗ ಕಣ್ಣಿಗೆ ಕಾಣುವ ಜಾಗಕ್ಕೆ ಹೋಗುತ್ತದೆ, ದಿನಕ್ಕೆ ಹತ್ತು ಗಂಟೆ ದುಡಿಯುವ ಮೇಜಿಗೆ ಹಳೆಯದು ಬರುತ್ತದೆ. ಆ 15ನ್ನು ಲೆಕ್ಕಪತ್ರಕ್ಕೆ ತನ್ನಿ, ಲೆಕ್ಕಪತ್ರದ ಹಳೆಯ 15ನ್ನು ಆ ಕೊಠಡಿಗಳಿಗೆ ಕಳುಹಿಸಿ. ಯಂತ್ರದೊಂದಿಗೆ ಬಂದ ವಿಂಡೋಸ್ ಲೈಸೆನ್ಸ್ ಆ ಯಂತ್ರಕ್ಕೇ ಸೇರಿದ್ದು, ಅದನ್ನು ಕಿತ್ತು ಬೇರೆ ಯಂತ್ರಕ್ಕೆ ಹಾಕುವಂತಿಲ್ಲ. ಇಲ್ಲಿ ಯಂತ್ರವೇ ಜಾಗ ಬದಲಿಸುವುದರಿಂದ ಆ ತೊಡಕಿಲ್ಲ. ಉಳಿದ ಇಬ್ಬರಿಗೆ ಮಾತ್ರ ಹೊಸದು ಕೊಳ್ಳಿ. ಟ್ಯಾಲಿಯ ವರದಿಗಳನ್ನು ನೋಡುವುದಷ್ಟೇ ಕೆಲಸವಾಗಿರುವ ಅಧಿಕಾರಿಗಳಿಗೆ ಬ್ರೌಸರ್‌ನಲ್ಲೇ ನೋಡುವ ಸೌಲಭ್ಯ ಇದೆ, ಅವರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ವಿನ್ಯಾಸ ವಿಭಾಗದ 9 ಯಂತ್ರಗಳ ವಿಷಯದಲ್ಲಿ ನನ್ನ ಸಲಹೆ ತದ್ವಿರುದ್ಧ. ಅಲ್ಲಿ ಹೆಚ್ಚು ಖರ್ಚು ಮಾಡಿ. ಬಿಡಿಭಾಗಗಳ ವಿನ್ಯಾಸ ಮಾಡುವ ಸಾಲಿಡ್‌ವರ್ಕ್ಸ್ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ದೊಡ್ಡ ಜೋಡಣೆಯ ಚಿತ್ರ ತೆರೆಯಲು ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಮತ್ತು ಸಾಕಷ್ಟು ರ‍್ಯಾಮ್ ಬೇಕು. ಸರಬರಾಜುದಾರರು ಅವರಿಗೂ ಅದೇ ₹58,000ದ ಯಂತ್ರವನ್ನೇ ತೋರಿಸಿದ್ದಾರೆ. ಡಿಸೈನರ್ ಒಬ್ಬರು ಒಂದು ಚಿತ್ರ ತೆರೆಯಲು ದಿನಕ್ಕೆ ಅರ್ಧ ಗಂಟೆ ಪರದೆ ನೋಡುತ್ತ ಕೂತರೆ, ತಿಂಗಳಿಗೆ ಹನ್ನೆರಡು ಗಂಟೆಗೂ ಹೆಚ್ಚು ಸಂಬಳ ವ್ಯರ್ಥ. ಒಂದಕ್ಕೆ ₹1,10,000ದಂತೆ ತೆಗೆದಿಡಿ.

ಮ್ಯಾಕ್ ಬೇಕೆಂದವರ ಮಾತನ್ನು ತಳ್ಳಿಹಾಕುತ್ತಿಲ್ಲ. ನಾಲ್ಕು ವರ್ಷಗಳಲ್ಲಿ ಒಂದು ಮ್ಯಾಕ್‌ನಿಂದ ಪಿಸಿಗೆ ಹೋಲಿಸಿದರೆ 273ರಿಂದ 543 ಡಾಲರ್ ಉಳಿತಾಯವಾಗುತ್ತದೆ ಎಂದು ಐಬಿಎಂ 2016ರಲ್ಲಿ ಹೇಳಿತ್ತು. ಆದರೆ ಅದು ಲಕ್ಷಗಟ್ಟಲೆ ನೌಕರರ ಸಂಸ್ಥೆ, ಬಹುತೇಕ ಕೆಲಸ ಬ್ರೌಸರ್‌ನಲ್ಲಿ ಮತ್ತು ಮ್ಯಾಕ್‌ಗೂ ದೊರೆಯುವ ತಂತ್ರಾಂಶಗಳಲ್ಲಿ ನಡೆಯುವ ಸಂಸ್ಥೆ. ನಿಮ್ಮಲ್ಲಿ ಟ್ಯಾಲಿ ಮ್ಯಾಕ್‌ನಲ್ಲಿ ಓಡುವುದಿಲ್ಲ, ಸಾಲಿಡ್‌ವರ್ಕ್ಸ್ ಓಡುವುದಿಲ್ಲ. ಆಪಲ್ ತನ್ನದೇ ಚಿಪ್‌ಗೆ ಬದಲಾದ 2020ರ ನಂತರದ ಮ್ಯಾಕ್‌ಗಳಲ್ಲಿ ಪಕ್ಕದಲ್ಲೊಂದು ವಿಂಡೋಸ್ ಹಾಕಿಕೊಳ್ಳುವ ಹಳೆಯ ಬೂಟ್ ಕ್ಯಾಂಪ್ ಸೌಲಭ್ಯವೂ ಇಲ್ಲ. ಪ್ರಚಾರದ ಚಿತ್ರ, ವಿಡಿಯೊ ಮಾಡುವ ಒಬ್ಬಿಬ್ಬರಿಗೆ ಕೊಡಿಸಿ. ಫೌಂಡ್ರಿಗೆ ಅದು ಉತ್ತರವಲ್ಲ.

ಉಳಿದವು 50. ಜೊತೆಗೆ ತರಬೇತಿ, ಸಭಾ ಕೊಠಡಿಗಳಿಗೆ ಕಳುಹಿಸಿದ 15. ಒಟ್ಟು 65. ಇವುಗಳಲ್ಲಿ ನಡೆಯುವ ಕೆಲಸ ನಿಮ್ಮದೇ ಪಟ್ಟಿಯ ಪ್ರಕಾರ ಬ್ರೌಸರ್‌ನಲ್ಲಿ ತೆರೆಯುವ ಇಆರ್‌ಪಿ (ಕಂಪನಿಯ ವಿಭಾಗಗಳ ವ್ಯವಹಾರವನ್ನು ಒಟ್ಟಿಗೆ ನೋಡಿಕೊಳ್ಳುವ ತಂತ್ರಾಂಶ), ಮೇಲ್, ಹಾಜರಾತಿ, ಪತ್ರ ಬರೆಯುವುದು, ಸಣ್ಣಪುಟ್ಟ ಎಕ್ಸೆಲ್. ಇಲ್ಲಿ ನಿಮ್ಮ ಐಟಿಯವರು ಹೇಳಿದ್ದು ಸರಿ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ಉಬುಂಟು ಎಂಬ ಲಿನಕ್ಸ್‌ನ 24.04ರಂಥ ದೀರ್ಘಾವಧಿ ಆವೃತ್ತಿಯನ್ನು ಹಾಕಿಸಿ. ಅದು 2024ರ ಏಪ್ರಿಲ್‌ನಲ್ಲಿ ಬಂದದ್ದು, ಐದು ವರ್ಷ ಉಚಿತ ಭದ್ರತಾ ಅಪ್‌ಡೇಟ್‌ಗಳಿವೆ. ನಾಲ್ಕು ಬಗೆಯ ಲಿನಕ್ಸ್ ಹಾಕುವ ಆಸೆಗೆ ಬೀಳಬೇಡಿ. ಎಲ್ಲ 65ಕ್ಕೂ ಒಂದೇ ಆವೃತ್ತಿ, ಒಂದೇ ಅಳವಡಿಕೆ ಇದ್ದರೆ ಒಂದರಲ್ಲಿ ಕಂಡ ತೊಂದರೆಗೆ ಸಿಕ್ಕ ಪರಿಹಾರ ಮಿಕ್ಕ 64ಕ್ಕೂ ಆಗುತ್ತದೆ.

‘ಪೈಸೆ ಖರ್ಚಿಲ್ಲ’ ಎಂಬ ಮಾತನ್ನು ಮಾತ್ರ ನಂಬಬೇಡಿ. ಲೈಸೆನ್ಸ್‌ಗೆ ಖರ್ಚಿಲ್ಲ, ಬದಲಾವಣೆಗೆ ಇದೆ. ಮೊದಲು ಪ್ರಿಂಟರ್‌ಗಳನ್ನು ಪರೀಕ್ಷಿಸಿ. ಡೆಸ್ಪ್ಯಾಚ್‌ನಲ್ಲಿ ಚಲನ್ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್, ಸ್ಟೋರ್ಸ್‌ನ ಬಾರ್‌ಕೋಡ್ ಪ್ರಿಂಟರ್, ಬೆರಳಚ್ಚಿನ ಹಾಜರಾತಿ ಯಂತ್ರ, ಇವು ಮೂರೂ ಸರಿಯಾಗಿ ನಡೆದರೆ ಅರ್ಧ ಗೆದ್ದಂತೆ. ನಂತರ ಕನ್ನಡ. ನಿಮ್ಮ ಆಡಳಿತ ವಿಭಾಗದಲ್ಲಿ ಕಾರ್ಮಿಕರಿಗೆ ಹೊರಡಿಸಿದ ಸೂಚನೆಗಳು, ಪಂಚಾಯಿತಿಗೆ, ಸರ್ಕಾರಿ ಇಲಾಖೆಗಳಿಗೆ ಬರೆದ ಪತ್ರಗಳು ವರ್ಷಗಳಿಂದ ಹಳೆಯ ನುಡಿ ಫಾಂಟ್‌ನಲ್ಲಿವೆ ಎಂದು ಬರೆದಿದ್ದೀರಿ. ಆ ಕಾಲದ ಕಡತಗಳು ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್ ಅಕ್ಷರ ವ್ಯವಸ್ಥೆಯಲ್ಲಿಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳ ರಾಶಿ ಕಾಣುತ್ತದೆ, ಅದನ್ನು ನೋಡಿ ಟೈಪಿಂಗ್ ಮಾಡುವವರು ಕಡತವೇ ಹಾಳಾಯಿತೆಂದು ಗಾಬರಿಯಾಗುತ್ತಾರೆ. ಇವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಉಪಕರಣಗಳು ಉಚಿತವಾಗಿ ಸಿಗುತ್ತವೆ. ಪರಿವರ್ತನೆಯ ನಂತರ ಒತ್ತಕ್ಷರಗಳನ್ನೂ ಅರ್ಕಾವೊತ್ತನ್ನೂ ಒಬ್ಬರು ಓದಿ ಸರಿಪಡಿಸಬೇಕು. ಲಿನಕ್ಸ್‌ಗೆ ಹೋದರೂ ಹೋಗದಿದ್ದರೂ ಈ ಕೆಲಸ ಮಾಡಿಸಿ. ಆ ದಾಖಲೆಗಳನ್ನು ಈಗ ನೀವು ಹುಡುಕಲೂ ಆಗುವುದಿಲ್ಲ, ಮೇಲ್‌ನಲ್ಲಿ ಕಳುಹಿಸಿದರೆ ಎದುರಿನವರು ಓದಲೂ ಆಗುವುದಿಲ್ಲ. ಕೀಲಿಮಣೆಯ ಬಗ್ಗೆ ಚಿಂತೆ ಬೇಡ. ಬೆರಳುಗಳಿಗೆ ರೂಢಿಯಾದ ಕಗಪ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ.

ಮೈಕ್ರೋಸಾಫ್ಟ್ ಆಫೀಸ್ ಬದಲು ಉಚಿತವಾದ ಲಿಬ್ರೆ ಆಫೀಸ್ ಬಳಸಬಹುದೇ ಎಂಬುದು ಮೇಜಿನಿಂದ ಮೇಜಿಗೆ ಬೇರೆ. ಪತ್ರ, ಸರಳ ಪಟ್ಟಿಗಳಿಗೆ ಧಾರಾಳವಾಗಿ ಸಾಕು. ನಿಮ್ಮ ವೆಚ್ಚ ಲೆಕ್ಕದ ವಿಭಾಗದವರು ಹದಿನೈದು ವರ್ಷಗಳಿಂದ ಬೆಳೆಸಿಕೊಂಡು ಬಂದ ದರ ಲೆಕ್ಕದ ಎಕ್ಸೆಲ್ ಕಡತಕ್ಕೆ ಸಾಲದು. ಅದರೊಳಗಿನ ಮ್ಯಾಕ್ರೋಗಳು ಅಲ್ಲಿ ಸರಿಯಾಗಿ ನಡೆಯುವ ಖಾತ್ರಿ ಇಲ್ಲ. ಗ್ರಾಹಕರಿಗೆ ಹೋಗುವ ದರಪಟ್ಟಿಯಲ್ಲಿ ಒಂದು ಸೂತ್ರ ತಪ್ಪಿದರೂ ನಷ್ಟ ಲೈಸೆನ್ಸ್‌ನ ಬೆಲೆಗಿಂತ ದೊಡ್ಡದು.

ಯಾವುದನ್ನು ಮೊದಲು ಬದಲಿಸಬೇಕು ಎಂಬ ಕ್ರಮದಲ್ಲೇ ಗೆಲುವು ಸೋಲು ಇದೆ. ಫ್ರಾನ್ಸ್‌ನ ಜೆಂಡರ್ಮರಿ ಎಂಬ ಪೊಲೀಸ್ ಪಡೆ 2005ರಲ್ಲಿ ವಿಂಡೋಸ್ ಅನ್ನು ಹಾಗೆಯೇ ಉಳಿಸಿಕೊಂಡು ಉಚಿತವಾದ ಓಪನ್ ಆಫೀಸ್‌ಗೆ ಬಂತು. ಮರುವರ್ಷ ಫೈರ್‌ಫಾಕ್ಸ್ ಬ್ರೌಸರ್ ಮತ್ತು ಮೇಲ್‌ಗೆ ಥಂಡರ್‌ಬರ್ಡ್ ತಂತು. ಸಿಬ್ಬಂದಿಗೆ ಆ ತಂತ್ರಾಂಶಗಳು ಕೈಗೆ ಕುಳಿತ ಮೇಲೆ 2008ರಿಂದ ಅಡಿಯಲ್ಲಿದ್ದ ಆಪರೇಟಿಂಗ್ ಸಿಸ್ಟಂ ಅನ್ನು ಉಬುಂಟುಗೆ ಬದಲಿಸತೊಡಗಿತು. ಅಷ್ಟರಲ್ಲಿ ಬಳಸುವವರ ಕಣ್ಣಿಗೆ ಬದಲಾದದ್ದು ಸ್ವಲ್ಪವೇ. ಇಂದಿಗೂ ಅಲ್ಲಿ ಹತ್ತಾರು ಸಾವಿರ ಯಂತ್ರಗಳು ಲಿನಕ್ಸ್‌ನಲ್ಲೇ ನಡೆಯುತ್ತಿವೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್‌ಗೆ ಹೋಗುವ ತೀರ್ಮಾನ ಮಾಡಿ, ಸುಮಾರು 15,000 ಯಂತ್ರಗಳನ್ನು ಬದಲಿಸಿ ಮುಗಿಸುವಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು. 2017ರಲ್ಲಿ ವಿಂಡೋಸ್‌ಗೆ ಮರಳಲು ನಗರಸಭೆ ಮತ ಹಾಕಿತು. ಅಲ್ಲಿ ರಾಜಕೀಯವೂ ಇತ್ತು. ಹೊರಗಿನ ಕಚೇರಿಗಳೊಂದಿಗೆ ಕಡತ ವಿನಿಮಯದ ಕಿರಿಕಿರಿ, ಹಂಚಿಹೋಗಿದ್ದ ಐಟಿ ಆಡಳಿತ, ವಿಂಡೋಸ್ ಇಲ್ಲದೆ ನಡೆಯದ ಕೆಲವು ತಂತ್ರಾಂಶಗಳು, ಇವೂ ಇದ್ದವು. ನಿಮ್ಮ 65 ಮೇಜುಗಳಲ್ಲಿ ಮೊದಲ ಎರಡು ತಿಂಗಳು ವಿಂಡೋಸ್ ಮೇಲೆಯೇ ಫೈರ್‌ಫಾಕ್ಸ್ ಮತ್ತು ಲಿಬ್ರೆ ಆಫೀಸ್ ಬಳಸಲು ಹೇಳಿ. ಯಾರು ಎಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ. ಎರಡು ತಿಂಗಳ ನಂತರವೂ ಆಗುವುದೇ ಇಲ್ಲ ಎನ್ನುವವರನ್ನು ಒತ್ತಾಯಿಸಬೇಡಿ. ಅವರಿಗೆ ವಿಂಡೋಸ್ 11 ಯಂತ್ರ ಕೊಡಿ, ಇನ್ನೂ ಎಂಟು ಯಂತ್ರಗಳು ಮೇಲ್ ಮಾತ್ರ ನೋಡುವವರ ಬಳಿ ಇವೆಯಲ್ಲ.

ಒಂದು ಷರತ್ತು ಇದೆ, ಅದನ್ನು ಸಡಿಲಿಸಬೇಡಿ. ಲಿನಕ್ಸ್ ಬಲ್ಲವರು ನಿಮ್ಮಲ್ಲಿ ಈಗ ಒಬ್ಬರೇ ಇದ್ದಾರೆ. ಅವರು ನಾಳೆ ಬೆಂಗಳೂರಿಗೋ ಪುಣೆಗೋ ಹೋದರೆ 65 ಯಂತ್ರಗಳು ಅನಾಥ. ಎರಡನೆಯವರೊಬ್ಬರಿಗೆ ತರಬೇತಿ ಕೊಡಿಸಿ, ಪ್ರತಿ ಅಳವಡಿಕೆಯನ್ನೂ ಅವರಿಬ್ಬರ ಕೈಯಲ್ಲಿ ಬರೆಸಿಡಿ, ಊರಿನ ಒಬ್ಬ ಸೇವಾದಾರರೊಂದಿಗೆ ವರ್ಷದ ಕರಾರು ಮಾಡಿಕೊಳ್ಳಿ. ಇದಕ್ಕೆ ಮೊದಲ ವರ್ಷ ₹3 ಲಕ್ಷ ತೆಗೆದಿಡಿ. ಈ ಖರ್ಚಿಗೆ ಆಡಳಿತ ಮಂಡಳಿ ಒಪ್ಪದಿದ್ದರೆ ಲಿನಕ್ಸ್ ಯೋಜನೆಯನ್ನೇ ಕೈಬಿಡಿ, ಯಂತ್ರಗಳನ್ನು ಹಂತ ಹಂತವಾಗಿ ಕೊಳ್ಳಿ. ನೋಡಿಕೊಳ್ಳುವವರಿಲ್ಲದ ಲಿನಕ್ಸ್, ಅಪ್‌ಡೇಟ್ ಇಲ್ಲದ ವಿಂಡೋಸ್‌ನಷ್ಟೇ ಅಪಾಯ.

ನೀವು ಕೇಳದ ಒಂದು ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹಣ ಸೋರುತ್ತಿರುವುದು ಅಲ್ಲಿ. ಮೇಲ್ ಮತ್ತು ಆಫೀಸ್‌ಗಾಗಿ ನೀವು ಮೈಕ್ರೋಸಾಫ್ಟ್ 365ರ 168 ಚಂದಾ ಕಟ್ಟುತ್ತಿದ್ದೀರಿ. ಯಂತ್ರಗಳು 140. ಮಿಕ್ಕ 28 ಯಾರದು? ಇಂಥ ಲೆಕ್ಕ ನೋಡಿದಾಗಲೆಲ್ಲ ನನಗೆ ಸಿಕ್ಕದ್ದು ಎರಡು ಬಗೆ. ಒಂದು, ಕೆಲಸ ಬಿಟ್ಟುಹೋದವರ ಖಾತೆಗಳು. ಅವರ ಕೊನೆಯ ಸಂಬಳದ ಲೆಕ್ಕ ಚುಕ್ತಾ ಮಾಡುವ ಚೀಟಿಯಲ್ಲಿ ‘ಐಟಿ ಖಾತೆ ಮುಚ್ಚಲಾಗಿದೆ’ ಎಂಬ ಸಾಲು ಇರುವುದಿಲ್ಲ, ಚಂದಾ ವರ್ಷಗಟ್ಟಲೆ ಓಡುತ್ತದೆ. ಇನ್ನೊಂದು, ಖರೀದಿ, ಮಾರಾಟ, ಡೆಸ್ಪ್ಯಾಚ್ ಎಂಬಂಥ ಹಂಚಿಕೊಂಡ ವಿಳಾಸಗಳು. ಅವನ್ನು ಹಂಚಿಕೆಯ ಅಂಚೆಪೆಟ್ಟಿಗೆಯಾಗಿ ಬದಲಿಸಿದರೆ 50 ಜಿಬಿವರೆಗೆ ಪ್ರತ್ಯೇಕ ಚಂದಾ ಬೇಕಿಲ್ಲ. ಇನ್ನು, ಬ್ರೌಸರ್‌ನಲ್ಲಿ ಮೇಲ್ ನೋಡುವವರಿಗೂ ಯಂತ್ರದಲ್ಲಿ ಪೂರ್ತಿ ಆಫೀಸ್ ಹಾಕಿಕೊಳ್ಳುವ ದುಬಾರಿ ಯೋಜನೆಯನ್ನೇ ಕೊಟ್ಟಿದ್ದೀರಿ. ಲಿನಕ್ಸ್‌ಗೆ ಹೋಗುವ 65 ಮೇಜುಗಳಲ್ಲಿ ಅದು ಅಳವಡುವುದೇ ಇಲ್ಲ, ಅವರಿಗೆ ಕಡಿಮೆ ದರದ ವೆಬ್ ಯೋಜನೆ ಸಾಕು. ಆಫೀಸ್ 2016 ಇರುವ 31 ಯಂತ್ರಗಳಲ್ಲಿ ನಿಜಕ್ಕೂ ಎಕ್ಸೆಲ್ ಬೇಕಾದವರಿಗೆ ಹೀಗೆ ಬಿಡುಗಡೆಯಾದ ದುಬಾರಿ ಚಂದಾಗಳನ್ನು ವರ್ಗಾಯಿಸಬಹುದು.

ಈ ಕತ್ತರಿ ಪ್ರಯೋಗಕ್ಕೆ ಸಮಯ ನೋಡಬೇಕು. ವಾರ್ಷಿಕ ಕರಾರನ್ನು ನಡುವಿನಲ್ಲಿ ಕಡಿಮೆ ಮಾಡಲು ಬಿಡುವುದಿಲ್ಲ. ನವೀಕರಣವಾದ ಏಳು ದಿನಗಳೊಳಗೆ ಮಾತ್ರ ಸಂಖ್ಯೆ ಇಳಿಸಬಹುದು. ಆ ದಿನಾಂಕವನ್ನು ಇಂದೇ ಬಿಲ್ಲಿನಲ್ಲಿ ಹುಡುಕಿ, ಒಂದು ತಿಂಗಳ ಮುಂಚಿನ ನೆನಪೋಲೆ ಇಟ್ಟುಕೊಳ್ಳಿ. ವಾರ್ಷಿಕ ಕರಾರಿಗೆ ಒಪ್ಪಿ ಹಣವನ್ನು ತಿಂಗಳು ತಿಂಗಳು ಕಟ್ಟುತ್ತಿದ್ದರೆ 2025ರ ಏಪ್ರಿಲ್‌ನಿಂದ ಶೇ. 5 ಹೆಚ್ಚು ಕೊಡುತ್ತಿದ್ದೀರಿ. ನಿಮ್ಮ ಕೈಯಲ್ಲಿ ಹಣದ ಹರಿವು ಸರಿಯಾಗಿದ್ದರೆ ಒಟ್ಟಿಗೆ ಕಟ್ಟಿಬಿಡಿ. ತಾತ್ಕಾಲಿಕ ಸಿಬ್ಬಂದಿಗಾಗಿ ಮಾತ್ರ ತಿಂಗಳ ಕರಾರು ಇರಲಿ. ಅದು ಶೇ. 20 ದುಬಾರಿ, ಆದರೆ ಬೇಡವಾದಾಗ ನಿಲ್ಲಿಸಬಹುದು.

ಹೊಸ ಯಂತ್ರ ಕೊಳ್ಳುವಾಗ ಯಾರಾದರೂ ವಿಂಡೋಸ್ ಇಲ್ಲದ, ಬರೀ ಡಾಸ್ ಇರುವ ಯಂತ್ರ ಕೊಟ್ಟು, ‘ವಿಂಡೋಸ್ ಕೀ ಐನೂರು ರೂಪಾಯಿಗೆ ಹಾಕಿಕೊಡುತ್ತೇವೆ’ ಎಂದರೆ ಒಪ್ಪಬೇಡಿ. ಹಾಗೆ ಬರುವ ಕೀಗಳು ಸಾಮಾನ್ಯವಾಗಿ ಬೇರೆ ಯಾರದೋ ಹೆಸರಿನಲ್ಲಿರುವಂಥವು. ಅಕ್ರಮ ಪ್ರತಿ ಎಂದು ತಿಳಿದೂ ಬಳಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸ, ₹50,000ದಿಂದ ₹2 ಲಕ್ಷದವರೆಗೆ ದಂಡವಿದೆ. ವಿಂಡೋಸ್ ಪ್ರೊ ಮೊದಲೇ ಅಳವಡಿಸಿದ ಯಂತ್ರವನ್ನೇ ಕೇಳಿ, ಬಿಲ್ಲಿನಲ್ಲಿ ಅದರ ಹೆಸರು ಇರಲಿ. ಹೋಮ್ ಆವೃತ್ತಿ ಬೇಡ, ಅದನ್ನು ಕಚೇರಿಯ ಡೊಮೇನ್‌ಗೆ (ಎಲ್ಲ ಯಂತ್ರ, ಖಾತೆಗಳನ್ನು ಒಂದೇ ಕಡೆಯಿಂದ ನಿಯಂತ್ರಿಸುವ ವ್ಯವಸ್ಥೆಗೆ) ಸೇರಿಸಲು ಆಗುವುದಿಲ್ಲ.

ಈಗ ಲೆಕ್ಕ. ಜಿಎಸ್‌ಟಿ ನಿಮಗೆ ಇನ್‌ಪುಟ್ ಕ್ರೆಡಿಟ್ ಆಗಿ ಮರಳುವುದರಿಂದ ಅದನ್ನು ಬಿಟ್ಟಿದ್ದೇನೆ. ಸರಬರಾಜುದಾರರ ದರಪಟ್ಟಿ 82 ಯಂತ್ರಗಳಿಗೆ ₹47.56 ಲಕ್ಷ. ನನ್ನ ದಾರಿಯಲ್ಲಿ ವಿನ್ಯಾಸ ವಿಭಾಗಕ್ಕೆ ₹9.90 ಲಕ್ಷ, ಲೆಕ್ಕಪತ್ರದ ಎರಡು ಹೊಸ ಯಂತ್ರಗಳಿಗೆ ₹1.16 ಲಕ್ಷ, 65 ಯಂತ್ರಗಳಿಗೆ ಎಸ್‌ಎಸ್‌ಡಿ ಮತ್ತು ಸಣ್ಣ ರಿಪೇರಿಗೆ ತಲಾ ₹4,000 ಎಂದು ಹಿಡಿದು ₹2.60 ಲಕ್ಷ, ತರಬೇತಿ ಮತ್ತು ಸೇವಾ ಕರಾರಿಗೆ ₹3 ಲಕ್ಷ. ಒಟ್ಟು ₹16.66 ಲಕ್ಷ. ವ್ಯತ್ಯಾಸ ₹30.90 ಲಕ್ಷ. ಇದನ್ನು ಮಂಡಳಿಯ ಮುಂದೆ ಪೂರ್ತಿ ಉಳಿತಾಯ ಎಂದು ತೋರಿಸಬೇಡಿ. ಆ 65 ಯಂತ್ರಗಳಿಗೆ ವಯಸ್ಸಾಗಿದೆ. ಪವರ್ ಸಪ್ಲೈ ಹೋಗುತ್ತದೆ, ಮದರ್‌ಬೋರ್ಡ್ ಹೋಗುತ್ತದೆ. ವರ್ಷಕ್ಕೆ ಇಪ್ಪತ್ತರಂತೆ ಅವುಗಳನ್ನು ಬದಲಿಸಲು ಬಜೆಟ್‌ನಲ್ಲಿ ಜಾಗ ಇಡಿ. ಹೀಗಾಗಿ ಇದರಲ್ಲಿ ದೊಡ್ಡ ಪಾಲು ಮುಂದೂಡಿದ ಖರ್ಚು, ನಿಜವಾದ ಲಾಭವೆಂದರೆ ಒಂದೇ ವರ್ಷ 82 ಯಂತ್ರ ಕೊಂಡು, ಅವೆಲ್ಲವೂ ಒಂದೇ ವರ್ಷ ಹಳತಾಗುವ ಚಕ್ರದಿಂದ ನೀವು ಹೊರಬರುತ್ತೀರಿ.

ಮೊದಲು ಲೆಕ್ಕಪತ್ರದ ಅದಲುಬದಲು ಮಾಡಿ, ಬ್ಯಾಂಕ್ ವ್ಯವಹಾರ ನಡೆಯುವ ಯಂತ್ರಗಳು ಅಪ್‌ಡೇಟ್ ಇಲ್ಲದೆ ಒಂದು ದಿನವೂ ಇರಬಾರದು. ತಿಂಗಳ 22ರಿಂದ ತಿಂಗಳ ಕೊನೆಯ ವಾರದೊಳಗೆ ಮುಗಿಸಿ. ನಂತರ ಉಪಕರಣದ ಆರು ಯಂತ್ರಗಳನ್ನು ಜಾಲದಿಂದ ಬಿಡಿಸಿ. ವಿಂಡೋಸ್ ಮೇಲಿನ ಆ ಎರಡು ತಿಂಗಳ ರೂಢಿ ಮುಗಿದ ಮೇಲೆ ಐದು ಮೇಜುಗಳಲ್ಲಿ ಲಿನಕ್ಸ್, ಮೂರು ವಾರ ನೋಡಿ, ನಂತರ ವಾರಕ್ಕೆ ಹತ್ತರಂತೆ. ಬದಲಿಸಿದ ಪ್ರತಿ ಯಂತ್ರದ ಹಳೆಯ ಡಿಸ್ಕ್ ಅನ್ನು ಎರಡು ತಿಂಗಳು ಚೀಟಿ ಅಂಟಿಸಿ ಬೀರುವಿನಲ್ಲಿಡಿ, ‘ಆ ಕಡತ ಎಲ್ಲಿ ಹೋಯಿತು’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಎರಡು ತಿಂಗಳ ನಂತರ ಆ 65 ಡಿಸ್ಕ್‌ಗಳನ್ನು ಗುಜರಿಗೆ ಹಾಕಬೇಡಿ. ಅವುಗಳಲ್ಲಿ ನೌಕರರ ಆಧಾರ್ ಪ್ರತಿಗಳಿವೆ, ಗ್ರಾಹಕರ ಚಿತ್ರಗಳಿವೆ, ಅಳಿಸಿದ ಕಡತಗಳನ್ನು ಮರಳಿ ತೆಗೆಯುವವರು ಇದ್ದಾರೆ. ಮಷಿನ್ ಶಾಪ್‌ನಲ್ಲಿ ಡ್ರಿಲ್ ಇದೆ. ನಿಮ್ಮ ಎದುರಿಗೇ ಪ್ರತಿ ಡಿಸ್ಕ್‌ಗೂ ಎರಡೆರಡು ತೂತು ಹೊಡೆಸಿ, ಸಂಖ್ಯೆ ಬರೆದುಕೊಂಡು, ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣಾಗಾರರಿಗೆ ಕೊಟ್ಟು ರಸೀದಿ ಪಡೆಯಿರಿ.